ಪೈಪಣ್ಣನ ಅಹವಾಲು

"ಕೈ ಸ್ವಲ್ಪ ಮೇಲೆತ್ತಿ," ಎಂದು ಹೇಳಿ ಟೈಲರಕ್ಕ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡಳು. ಬೇಕರಿಯವನ ಹೆಂಡತಿ ಕೈ ಎತ್ತಿದಳು. ಕೋಟು ಕಂಕುಳ ಹತ್ತಿರ ಕಟ್ಟಿ ಹಿಡಿದ ಹಾಗಿತ್ತು.

"ಹೋದ ವರ್ಷ ಸರಿಯಾಗೇ ಇತ್ತು ಕಣಕ್ಕ. ಬೀರುವಿನಲ್ಲಿ ಇಟ್ಟಲ್ಲೇ ಕುಗ್ಗಿಬಿಟ್ಟಿದೆ."

ಟೈಲರಕ್ಕ ಹೂಂಗುಟ್ಟಿದಳು. ಊರಿನ ಎಲ್ಲರ ಬೀರುವಿನಲ್ಲೂ ಬಟ್ಟೆ ಕುಗ್ಗುತ್ತಿತ್ತು. ಅವಳ ಹೊಟ್ಟೆ ತುಂಬುತ್ತಿದ್ದದ್ದೇ ಅದರಿಂದ.

"ಅಲ್ಲಾ, ಆ ಪೈಪಣ್ಣ ಅಂಥವನು ಅಂತ ಯಾರು ಅಂದ್ಕೊಂಡಿದ್ರು ಹೇಳಿ? ಕುಡಿದು ಐಸ್ ಫ್ಯಾಕ್ಟರಿಯ ಮೆಷಿನ್ ರೂಮಲ್ಲೇ ಬಿದ್ಕೊಂಡಿದ್ದನಂತೆ. ಗ್ಯಾಸು ಸೋರಿದ್ದೇ ಗೊತ್ತಾಗಿಲ್ಲ. ನಿಮ್ಮ ತಮ್ಮ ಸಮಯಕ್ಕೆ ಬಾಗಿಲು ಹಾಕದೆ ಇದ್ದಿದ್ರೆ ಇನ್ನೆಷ್ಟು ಹೆಣ ಬೀಳ್ತಿದ್ವೋ! ಒಳಗೆ ಒಬ್ಬ ಮಲಗಿದಾನೆ ಅಂತ ಅವರಿಗಾದ್ರೂ ಹೇಗೆ ಗೊತ್ತಾಗಬೇಕು, ಪಾಪ."

ಆಕೆಯ ಬೆನ್ನ ಹಿಂದೆ, ಗಿರಾಕಿಗಳ ಬೆಂಚಿನ ಮೇಲೆ, ಪೈಪಣ್ಣ ಕೂತಿದ್ದ. ಫ್ಯಾಕ್ಟರಿಯ ನೀಲಿ ಬಟ್ಟೆ, ಕಾಲಿಗೆ ರಬ್ಬರ್ ಬೂಟು. ಮೊಣಕಾಲ ಮೇಲೆ ಕೈಗಳನ್ನು ಅಂಗಾತ ಇಟ್ಟುಕೊಂಡು ಅವುಗಳನ್ನೇ ನೋಡುತ್ತಿದ್ದ. ಅವನನ್ನು ಮಣ್ಣು ಮಾಡಿ ಒಂದು ವಾರವಾಗಿತ್ತು. ಟೈಲರಕ್ಕ ಬೇಕಿಲ್ಲದ ಕಡೆಯೂ ಒಂದು ಸೂಜಿ ಚುಚ್ಚಿ, ಬಾಯಿ ಖಾಲಿಯಾಗದಂತೆ ಡಬ್ಬಿಯಿಂದ ಇನ್ನಷ್ಟು ತೆಗೆದುಕೊಂಡಳು.

ಸತ್ತವರು ಹೊಗೆಯ ಹಾಗಿರುತ್ತಾರೆ, ಗೋಡೆ ತೂರಿ ಬರುತ್ತಾರೆ ಎಂದು ಊರು ನಂಬಿತ್ತು. ಅಂಥದ್ದೇನೂ ಇಲ್ಲ. ಅವರು ಬಾಗಿಲಿನಿಂದಲೇ ಬರುತ್ತಾರೆ, ಬೆಂಚು ಖಾಲಿಯಿದ್ದರೆ ಕೂರುತ್ತಾರೆ, ಇಲ್ಲದಿದ್ದರೆ ನಿಲ್ಲುತ್ತಾರೆ. ಬದುಕಿರುವ ಗಿರಾಕಿಗಳಿಗೂ ಅವರಿಗೂ ಒಂದೇ ವ್ಯತ್ಯಾಸ: ನಾಳೆ ಬನ್ನಿ ಅಂದರೆ ಅವರು ಹೋಗುವುದಿಲ್ಲ. ಸತ್ತವರು ಸುಳ್ಳು ಹೇಳುವುದಿಲ್ಲ ಎನ್ನುವುದೂ ಬರೀ ಮಾತು. ಹೇಳುತ್ತಾರೆ. ಒಬ್ಬ ಮುದುಕ ತನ್ನನ್ನು ಸೊಸೆಯೇ ಕೊಂದಳೆಂದು ತಿಂಗಳುಗಟ್ಟಲೆ ಗೋಳಾಡಿದ್ದ. ವಿಚಾರಿಸಿದರೆ ಮೆಟ್ಟಿಲ ಮೇಲೆ ತನ್ನ ಚಪ್ಪಲಿಯನ್ನೇ ತಾನು ಎಡವಿದ್ದ.

ಇದು ಅವಳು ಬಯಸಿ ಪಡೆದದ್ದಲ್ಲ. ಚಿಕ್ಕವಳಿದ್ದಾಗ ಒಮ್ಮೆ, ಪಕ್ಕದ ಮನೆಯ ತಾತ ಬಾವಿಗೆ ಹಾರಲಿಲ್ಲವಂತೆ, ತಳ್ಳಿದರಂತೆ ಎಂದು ತುಂಬಿದ ಮನೆಯಲ್ಲಿ ಹೇಳಿಬಿಟ್ಟಿದ್ದಳು. ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ. ಅಮ್ಮ ಎರಡು ಬಿಗಿದು, "ಬಾಯಿ ಮುಚ್ಕೊಂಡು ಹೊಲಿಯೋದು ಕಲಿ," ಎಂದಿದ್ದಳು. ಅವಳು ಎರಡನ್ನೂ ಕಲಿತಳು. ಆದರೆ ಸುದ್ದಿಗೆ ಕಾಲಿರುತ್ತದೆ. ಜನ ಹರಿದ ದಿಂಬಿನ ಚೀಲವನ್ನೋ ಪರದೆಯನ್ನೋ ನೆಪ ಮಾಡಿಕೊಂಡು ಬಂದು, ಕೊನೆಗೆ ದನಿ ತಗ್ಗಿಸಿ, "ನಮ್ಮವರೇನಾದರೂ..." ಎಂದು ಶುರು ಮಾಡುತ್ತಿದ್ದರು. ಊರಿನ ಇನ್‌ಸ್ಪೆಕ್ಟರಂತೂ ಅನುಮಾನದ ಸಾವಾದಾಗಲೆಲ್ಲ ಯೂನಿಫಾರ್ಮಿನ ಗುಂಡಿ ಕಿತ್ತುಕೊಂಡು ಬರುತ್ತಿದ್ದರು. ಊರಲ್ಲಿ ಹೆಣ ಬಿದ್ದರೆ ಸಾಹೇಬರ ಗುಂಡಿ ಬೀಳುತ್ತದೆ ಎಂದು ಅವಳು ತಮ್ಮನ ಹತ್ತಿರ ನಗುತ್ತಿದ್ದುದುಂಟು. ಅವಳು ಹೇಳಿದ್ದು ಯಾವ ಕಾಗದದಲ್ಲೂ ಬರುತ್ತಿರಲಿಲ್ಲ. ಎಲ್ಲಿ ಹುಡುಕಬೇಕು, ಯಾರನ್ನು ಇನ್ನೊಮ್ಮೆ ಕೇಳಬೇಕು ಎನ್ನುವಷ್ಟನ್ನು ಸಾಹೇಬರು ತಲೆಯಲ್ಲಿಟ್ಟುಕೊಂಡು, ಗುಂಡಿ ಹಾಕಿಸಿಕೊಂಡು ಹೋಗುತ್ತಿದ್ದರು. ಹಾಗೆ ಕೆಲವರು ಜೈಲಿಗೂ ಹೋಗಿದ್ದರು. ಪ್ರತಿ ಸಲವೂ ಇದೇ ಕೊನೆ ಎಂದುಕೊಳ್ಳುತ್ತಿದ್ದಳು ಅವಳು.

ಆದರೆ ಈ ಸಲ ಬೆಂಚಿನ ಮೇಲೆ ಬಂದು ಕೂತವನು ತಮ್ಮನ ಫ್ಯಾಕ್ಟರಿಯವನು. ತಮ್ಮ ಅಲ್ಲಿ ಸೂಪರ್‌ವೈಸರ್. ಅಮ್ಮ ಹೋದಾಗ ಅವನಿಗೆ ಇನ್ನೂ ಶೂ ದಾರ ಕಟ್ಟಿಕೊಳ್ಳಲು ಬರುತ್ತಿರಲಿಲ್ಲ. ಸಾಕಿದ್ದು, ಓದಿಸಿದ್ದು, ಮದುವೆ ಮಾಡಿದ್ದು ಎಲ್ಲ ಈ ಹೊಲಿಗೆ ಮೆಷಿನ್ನೇ. ಈಗ ಮಹಡಿಯ ಮೇಲೆ ಅವನ ಸಂಸಾರ, ಕೆಳಗೆ ಅವಳ ಅಂಗಡಿ ಮತ್ತು ಅದರ ಹಿಂದೊಂದು ಕೋಣೆ. ಪೈಪಣ್ಣ ಏನು ಹೇಳಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ರೇಡಿಯೋ ಜೋರು ಮಾಡಿದಳು. ಅವನ ಕಡೆ ಬೆನ್ನು ಮಾಡಿ ಕೂತಳು. ಅವನು ಬೆಳಿಗ್ಗೆ ಅಂಗಡಿ ತೆಗೆಯುವಾಗ ಬಂದು, ಮುಚ್ಚುವಾಗ ಎದ್ದು ಹೋಗುತ್ತಿದ್ದ. ಯಾರಾದರೂ ಕೂರಲು ಬಂದರೆ ಪಕ್ಕಕ್ಕೆ ಸರಿದು ಜಾಗ ಬಿಡುತ್ತಿದ್ದ.

ಆ ಮರ್ಯಾದೆಯೇ ಅವಳನ್ನು ಸೋಲಿಸಿತು. ಒಂದು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ರೇಡಿಯೋ ಆರಿಸಿ ಕೇಳಿದಳು: "ಏನಪ್ಪಾ ನಿಂದು?"

"ನಾನು ಕುಡಿದಿರಲಿಲ್ಲ ಅಕ್ಕ," ಎಂದ ಪೈಪಣ್ಣ.

"ಅಷ್ಟೇನಾ?"

"ಅಷ್ಟೇ."

ಉಳಿದದ್ದನ್ನು ಅವಳೇ ಕೆದಕಿ ಕೇಳಬೇಕಾಯಿತು. ಪೈಪಿನ ಒಂದು ಕೀಲು ತುಕ್ಕು ಹಿಡಿದು ತಿಂಗಳುಗಳೇ ಆಗಿದ್ದವು. ಬದಲಾಯಿಸಿ ಎಂದು ಯಜಮಾನರಿಗೆ ಅವನೂ ಹೇಳಿದ್ದ, ತಮ್ಮನೂ ಹೇಳಿದ್ದ. ಮುಖಕ್ಕೆ ಹಾಕುವ ಮಾಸ್ಕನ್ನೂ ಕೇಳಿದ್ದರು. ಮುಂದಿನ ಸೀಸನ್ನಿಗೆ ನೋಡೋಣ ಎಂದಿದ್ದರು ಯಜಮಾನರು. ಅವತ್ತು ಕೀಲು ಬಿಟ್ಟುಕೊಂಡಿತು. ಒಳಗೆ ಹೋಗಿ ವಾಲ್ವು ತಿರುಗಿಸಿದರಷ್ಟೇ ಗ್ಯಾಸು ನಿಲ್ಲುವುದು. ಒದ್ದೆ ಟವೆಲ್ಲು ಮೂಗಿಗೆ ಕಟ್ಟಿಕೊಂಡು ಪೈಪಣ್ಣ ಹೋದ.

"ಕಳಿಸಿದ್ದು ಯಾರು?"

"ನಿಮ್ಮ ತಮ್ಮ. ಅವರು ಕಳಿಸದಿದ್ರೂ ನಾನೇ ಹೋಗ್ತಿದ್ದೆ, ನನ್ನ ಕೆಲಸ ಅಲ್ವಾ ಅದು. ವಾಲ್ವು ಗಟ್ಟಿಯಾಗಿತ್ತು, ತಿರುಗಿಸೋದು ತಡ ಆಯ್ತು. ವಾಪಸ್ ಬರೋಷ್ಟರಲ್ಲಿ ಬಾಗಿಲು ಹಾಕಿದ್ರು."

"ನೀನು ಒಳಗಿದೀಯ ಅಂತ ಗೊತ್ತಿದ್ದೂ?"

ಪೈಪಣ್ಣ ಕೈಗಳನ್ನು ಮಗುಚಿ ಇಟ್ಟುಕೊಂಡ. "ಅದಕ್ಕೆ ನನ್ನ ತಕರಾರಿಲ್ಲ ಅಕ್ಕ. ಆಚೆ ಹೆಂಗಸರೆಲ್ಲ ಐಸು ಒಡೀತಿದ್ರು. ತೆಗೆದಿದ್ರೆ ಎಲ್ಲರೂ ಹೋಗ್ತಿದ್ರು. ಅವರ ಜಾಗದಲ್ಲಿ ನಾನಿದ್ದಿದ್ರೂ ಹಾಕ್ತಿದ್ದೆ. ಆಮೇಲೆ ನನ್ನನ್ನ ಹೊರಗೆ ಮಲಗಿಸಿ ಶರ್ಟಿನ ಮೇಲೆ ಬಾಟ್ಲಿ ಸುರಿದ್ರಲ್ಲ, ಅದನ್ನ ಮಾಡಬಾರದಿತ್ತು. ನಾನು ಅಲ್ಲೇ ನಿಂತಿದ್ದೆ. ಕುಡಿದಿದ್ದ ಅಂದ್ರೆ ಪೈಪಿನ ವಿಷಯ ಯಾರೂ ಕೇಳಲ್ಲವಂತೆ. ಡಾಕ್ಟರು ಬಟ್ಟೆ ಮೂಸಿ ಬರೆದುಬಿಟ್ರು."

ಬೂಟಿನ ತುದಿ ನೋಡುತ್ತ ಹೇಳಿದ: "ನಮ್ಮಪ್ಪ ಕುಡೀತಿದ್ದ. ಸಂಜೆ ಅವನನ್ನ ಚರಂಡಿಯಿಂದ ಎತ್ಕೊಂಡು ಬರೋದು ನನ್ನ ಕೆಲಸ ಆಗಿತ್ತು. ನಾನು ಒಂದು ಹನಿ ಮುಟ್ಟಿದವನಲ್ಲ."

ಟೈಲರಕ್ಕ ಮತ್ತೆ ರೇಡಿಯೋ ಹಾಕಿದಳು. ಅವನು ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ.

ಮರುದಿನ ಇನ್‌ಸ್ಪೆಕ್ಟರು ಬಂದರು. "ಅಕ್ಕಾವ್ರೇ, ಮತ್ತೆ ಗುಂಡಿ ಕಿತ್ತೋಯ್ತು ನೋಡಿ," ಎಂದು ಅಂಗಿಯನ್ನು ಮುಂದಿಟ್ಟು, ಪೈಪಣ್ಣ ಸರಿದುಕೊಟ್ಟ ಜಾಗದಲ್ಲಿ ಕೂತರು. ಅವಳು ಸೂಜಿಗೆ ದಾರ ಪೋಣಿಸಲು ಕಷ್ಟಪಡುವುದನ್ನು ನೋಡುತ್ತ, "ಆ ಫ್ಯಾಕ್ಟರಿ ಕೇಸು ಮುಗಿಸಿ ಅಂತ ಮೇಲಿಂದ ಹೇಳ್ತಿದಾರೆ," ಎಂದರು. "ಮುಗಿಸಬಹುದು. ಎಲ್ಲ ಸರಿಯಾಗೇ ಇದೆ. ಅತಿ ಸರಿಯಾಗಿದೆ, ಅದೇ ನಂಗೆ ಸರಿ ಹೋಗ್ತಿಲ್ಲ. ಕೇಳಿದವರೆಲ್ಲ ಒಂದೇ ಮಾತನ್ನ ಒಂದೇ ಥರ ಹೇಳ್ತಾರೆ." ದನಿ ತಗ್ಗಿಸಿದರು. "ಯಾರಾದರೂ ಬಂದಿದ್ರಾ?"

ಇಬ್ಬರೂ ಅವಳ ಮುಖ ನೋಡುತ್ತಿದ್ದರು.

"ಯಾರೂ ಬಂದಿಲ್ಲ ಸಾರ್," ಎಂದಳು ಟೈಲರಕ್ಕ.

ಸಾಹೇಬರು ತಲೆಯಾಡಿಸಿ, ಅಂಗಿ ತೆಗೆದುಕೊಂಡು ಹೋದರು. ಅವರಿಗೆ ಅವಳು ಹೇಳಿದ ಮೊದಲ ಸುಳ್ಳು ಅದು. ಸಾಹೇಬರು ಎದ್ದ ಮೇಲೆ ಪೈಪಣ್ಣ ಮೊದಲಿನ ಜಾಗಕ್ಕೆ ಸರಿದು ಕೂತ. ಅನ್ನಬಾರದ್ದನ್ನು ಅಂದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಆ ವಾರ ಅವಳ ಕೈ ಓಡಲಿಲ್ಲ. ಒಂದು ಪ್ಯಾಂಟಿಗೆ ಜಿಪ್ಪನ್ನು ತಿರುವುಮುರುವಾಗಿ ಕೂರಿಸಿ ಬಿಚ್ಚಿದಳು. ಬೇಕರಿಯ ಕೋಟನ್ನು ಅಗಲ ಮಾಡುವ ಬದಲು ಇನ್ನಷ್ಟು ಹಿಡಿದುಬಿಟ್ಟಿದ್ದಳು. ಸತ್ತವನದ್ದು ಆಗಿಹೋಗಿದೆ, ಬದುಕಿರುವವನನ್ನು ಯಾಕೆ ಕೆಡವಬೇಕು ಎಂದು ಒಮ್ಮೆ. ಅವನು ಕೇಳುವುದು ಒಂದೇ ಒಂದು ಮಾತಲ್ಲವೇ ಎಂದು ಇನ್ನೊಮ್ಮೆ. ಮಹಡಿಯ ಮೇಲೆ ತಮ್ಮ ಓಡಾಡುವ ಸದ್ದು ಕೇಳುತ್ತಿತ್ತು. ಅವನೂ ಈಚೆಗೆ ಬಹಳ ಓಡಾಡುತ್ತಿದ್ದ.

ಹೀಗಿರುವಾಗ ಪೈಪಣ್ಣನ ಹೆಂಡತಿಯೇ ಬಂದಳು. ಸಾಬೂನು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವಳು. ಅಂಗೈಯೆಲ್ಲ ಬಿಳಿಚಿ ಸುಕ್ಕುಗಟ್ಟಿತ್ತು. ಗಂಡನ ಪ್ಯಾಂಟುಗಳನ್ನು ಒಗೆದು ಮಡಿಸಿ ತಂದಿದ್ದಳು.

"ಇವನ್ನ ಬಿಚ್ಚಿ ಮಗಳಿಗೆ ಏನಾದ್ರೂ ಹೊಲಿಯಕ್ಕಾಗತ್ತಾ ಅಕ್ಕ? ಬಟ್ಟೆ ಗಟ್ಟಿ ಇದೆ."

ಟೈಲರಕ್ಕ ಒಂದನ್ನು ಬೆಳಕಿಗೆ ಹಿಡಿದು, ಆಗುತ್ತದೆ ಎಂದಳು. ಪೈಪಣ್ಣ ಬೆಂಚಿನ ತುದಿಗೆ ಬಂದು ಹೆಂಡತಿಯನ್ನು ನೋಡುತ್ತಿದ್ದ. ಅವಳು ಕೂರಲಿಲ್ಲ; ಮೇಜಿನ ಅಂಚು ಹಿಡಿದು ನಿಂತೇ ಮಾತಾಡಿದಳು.

"ಮಗಳಿಗೆ ಸ್ಕೂಲಲ್ಲಿ ಏನೇನೋ ಅಂತಾರಂತೆ. ಹೋಗಲ್ಲ ಅಂತಾಳೆ. ಮೊದಮೊದಲು ನಾನು ಎಲ್ಲರ ಹತ್ರಾನೂ ಜಗಳ ಆಡ್ದೆ, ಅವರು ಅದನ್ನ ಮುಟ್ಟೋರಲ್ಲ ಅಂತ." ಮಡಿಸಿದ ಪ್ಯಾಂಟನ್ನೇ ಮತ್ತೆ ಮಡಿಸಿದಳು. "ಈಗ ನಂಗೇ ಅನುಮಾನ ಅಕ್ಕ. ಡಾಕ್ಟರು ಬರೆದಿದಾರೆ. ನಿಮ್ಮ ತಮ್ಮ ಹೊರಗೆ ತಂದಾಗಲೇ ವಾಸನೆ ಬರ್ತಿತ್ತು ಅಂತಾರೆ. ಅಷ್ಟು ಜನ ಯಾಕೆ ಸುಳ್ಳು ಹೇಳ್ತಾರೆ? ನಂಗೆ ಗೊತ್ತಾಗದ ಹಾಗೆ ಕುಡೀತಿದ್ರು ಅನ್ಸತ್ತೆ. ಅವರಪ್ಪನೂ ಹಂಗೇ ತಾನೇ? ರಕ್ತ ಎಲ್ಲಿಗೆ ಹೋಗತ್ತೆ."

ಪೈಪಣ್ಣ ಎದ್ದ. ಬಟ್ಟೆ ಹಾಕಿ ನೋಡುವ ಮೂಲೆಗೆ ಹೋಗಿ, ಪರದೆಯ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಹೆಂಡತಿ ಹೋದ ಮೇಲೂ ತಿರುಗಲಿಲ್ಲ. ಅಂಗಡಿ ಮುಚ್ಚುವ ಹೊತ್ತಿಗೂ ಹೋಗದೆ ಅಲ್ಲೇ ನಿಂತಿದ್ದ.

ಮರುದಿನ ರಜೆ. ಬೆಳಿಗ್ಗೆ ಟೈಲರಕ್ಕ ಮಹಡಿ ಹತ್ತಿದಳು. ತಮ್ಮ ಬಾಲ್ಕನಿಯಲ್ಲಿ ಕನ್ನಡಿ ನಿಲ್ಲಿಸಿಕೊಂಡು ಗಡ್ಡ ಹೆರೆಯುತ್ತಿದ್ದ. ಅರ್ಧ ಮುಖದಲ್ಲಿ ನೊರೆ. ಒಳಗೆ ಅವನ ಹೆಂಡತಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

"ಪೈಪಣ್ಣ ಬಂದಿದಾನೆ," ಎಂದಳು.

ಯಾವ ಪೈಪಣ್ಣ, ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಅಕ್ಕನ ಮಾತನ್ನು ಇಡೀ ಮನೆಯಲ್ಲಿ ಮೊದಲಿನಿಂದಲೂ ನಂಬುತ್ತಿದ್ದವನು ಅವನೊಬ್ಬನೇ. ಕನ್ನಡಿಯಲ್ಲೇ ಅವಳನ್ನು ನೋಡಿದ.

"ಯಾವತ್ತಿಂದ?"

"ಮಣ್ಣು ಮಾಡಿದ ಮೇಲಿಂದಾನೇ. ನಾನೇ ಕೇಳಿಸ್ಕೊಂಡಿರಲಿಲ್ಲ."

"ಏನಂತೆ?"

"ಬಾಗಿಲು ಹಾಕಿದ್ದು ಸರಿ ಅಂತಾನೆ."

ರೇಜರು ಕೆನ್ನೆಯ ಮೇಲೆ ನಿಂತಿತು. ಬೈಗುಳಕ್ಕೆ, ಶಾಪಕ್ಕೆ ಅವನು ತಯಾರಾಗಿ ಕೂತಿದ್ದನೋ ಏನೋ. ರೇಜರನ್ನು ನೀರಿಗೆ ಹಾಕಿ, ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕುಸಿದ.

"ಬಡಿದ ಅಕ್ಕ," ಎಂದ. "ಎಷ್ಟೋ ಹೊತ್ತು ಬಡಿದ. ಯಾರೂ ತೆಗೀಬಾರದು ಅಂತ ನಾನೇ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಅವನು ಬಡಿಯೋದು ಬೆನ್ನಿಗೆ ಗೊತ್ತಾಗ್ತಿತ್ತು. ಆಮೇಲೆ ಗೊತ್ತಾಗ್ಲಿಲ್ಲ."

"ಅದಕ್ಕೆ ನಿನ್ನ ಮೇಲೆ ತಕರಾರಿಲ್ಲವಂತೆ. ಕುಡಿದಿದ್ದ ಅಂದ್ರಲ್ಲ, ಅದಕ್ಕೆ."

"ಬಾಟ್ಲಿ ಕಳಿಸಿದ್ದು ಯಜಮಾನರು. ಅವರ ಡ್ರೈವರ್ ತಂದ."

"ಸುರಿದದ್ದು?"

ಅವನು ಒದ್ದೆ ಕೈಗಳನ್ನು ಟವೆಲ್ಲಿಗೆ ಒರೆಸಿಕೊಂಡ, ಮತ್ತೊಮ್ಮೆ ಒರೆಸಿಕೊಂಡ. ಒಳಗಿನಿಂದ ಹೆಂಡತಿ ಕೈಯಲ್ಲಿ ಚಾಕು ಹಿಡಿದುಕೊಂಡೇ ಬಂದಳು.

"ಅತ್ತಿಗೇ, ನಿಮಗೆ ಕೈ ಮುಗೀತೀನಿ. ಸತ್ತೋರಿಗೆ ನ್ಯಾಯ ಕೊಡಿಸೋಕೆ ಹೋಗಿ ಬದುಕಿರೋರನ್ನ ಬೀದಿಗೆ ಹಾಕ್ತೀರಾ?"

"ಆ ಬೀದೀಲಿ ಆಗಲೇ ಇಬ್ಬರು ನಿಂತಿದಾರೆ ಕಣಮ್ಮ," ಎಂದಳು ಟೈಲರಕ್ಕ. ಆಮೇಲೆ ತಮ್ಮನಿಗೆ: "ಸಾಹೇಬರಿಗೆ ಯಾರೂ ಬಂದಿಲ್ಲ ಅಂತ ಹೇಳಿದೀನಿ. ನಿನ್ನ ಹೆಸರು ನನ್ನ ಬಾಯಿಂದ ಬರಲ್ಲ. ಬಂದ್ರೆ ನಿನ್ನ ಬಾಯಿಂದಾನೇ ಬರಬೇಕು. ಅವನ ಹೆಂಡತಿ ನಿನ್ನೆ ಬಂದಿದ್ಲು. ಅವಳೂ ನಂಬೋಕೆ ಶುರು ಮಾಡಿದಾಳೆ, ಅವನು ಕುಡುಕ ಅಂತ."

"ಹೇಳದೇ ಇದ್ರೆ?"

"ಹೇಳದೇ ಇದ್ರೆ ಏನಿಲ್ಲ. ಅವನು ಕೆಳಗೆ ಇರ್ತಾನೆ. ನಾನು ಹೊಲೀತಿರ್ತೀನಿ. ನೀನು ಮೇಲೆ ಓಡಾಡ್ತಿರ್ತೀಯ."

ಅವಳು ಗೋಡೆ ಹಿಡಿದು ಮೆಟ್ಟಿಲಿಳಿದಳು. ಮೇಲೆ ತಮ್ಮನ ಹೆಂಡತಿ ಮೊದಲು ಬೇಡಿಕೊಂಡಳು, ಆಮೇಲೆ ಕೂಗಾಡಿದಳು, ಆಮೇಲೆ ಅತ್ತಳು. ಬಿಸಿಲು ಅಂಗಡಿಯ ಮೆಟ್ಟಿಲಿಗೆ ಬರುವ ಹೊತ್ತಿಗೆ ತಮ್ಮ ಕೆಳಗಿಳಿದು ಬಂದ. ಉಳಿದ ಅರ್ಧ ಗಡ್ಡವನ್ನೂ ನುಣ್ಣಗೆ ಹೆರೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಬೆಂಚಿನ ಕಡೆ ನೋಡಿ, ಖಾಲಿ ಬೆಂಚನ್ನೇ ಕಂಡು, "ಇಲ್ಲೇ ಇದಾನಾ?" ಎಂದ.

"ಆ ಮೂಲೇಲಿ."

ತಮ್ಮ ಮೂಲೆಯ ಕಡೆ ತಿರುಗಿದ. ಆಮೇಲೆ ಬೀದಿಗಿಳಿದು ಪೊಲೀಸ್ ಸ್ಟೇಷನ್ನಿನ ದಾರಿ ಹಿಡಿದ. ಅವನು ತಿರುವಿನಲ್ಲಿ ಮರೆಯಾಗುವ ತನಕ ಟೈಲರಕ್ಕ ನೋಡುತ್ತಿದ್ದಳು. ಒಳಗೆ ಬಂದಾಗ ಮೂಲೆಯಲ್ಲಿ ಪರದೆಯೊಂದೇ ಇತ್ತು. ಸತ್ತವರ ಪದ್ಧತಿಯೇ ಹಾಗೆ. ಕೆಲಸವಾದ ಮೇಲೆ ಬರ್ತೀನಿ ಎಂದೂ ಹೇಳುವುದಿಲ್ಲ.

ಆಮೇಲೆ ನಡೆದದ್ದೆಲ್ಲ ಊರಿಗೆ ಗೊತ್ತು. ತಮ್ಮ ಎಲ್ಲವನ್ನೂ ಬರೆಸಿದ. ಡ್ರೈವರನ್ನು ಕರೆಸಿದರು, ಅವನು ಒಂದು ದಿನ ಗಟ್ಟಿಯಾಗಿದ್ದು, ಮರುದಿನ ಬಾಯಿಬಿಟ್ಟ. ಯಜಮಾನರು ಜೈಲಿಗೆ ಹೋಗಿ ಜಾಮೀನಿನ ಮೇಲೆ ಬಂದರು; ಕೇಸು ನಡೆಯುತ್ತಿದೆ. ತಮ್ಮನ ಮೇಲೂ ಕೇಸಿದೆ. ತಾನಾಗಿ ಬಂದು ಹೇಳಿದ್ದರಿಂದ ಶಿಕ್ಷೆ ಕಡಿಮೆಯಾಗಬಹುದು ಎನ್ನುತ್ತಾರೆ ವಕೀಲರು. ಈಗ ಅವನು ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಇಳಿಸುತ್ತಾನೆ. ತವರಿಗೆ ಹೋಗಿದ್ದ ಹೆಂಡತಿ ತಿರುಗಿ ಬಂದಿದ್ದಾಳೆ. ಅಂಗಡಿಯ ಕಡೆ ನೋಡದೆ ಮೆಟ್ಟಿಲು ಹತ್ತಿ ಹೋಗುತ್ತಾಳೆ. ಬೇಕರಿಯವನ ಹೆಂಡತಿ ಕೋಟು ತೆಗೆದುಕೊಂಡು ಹೋಗಲು ಬಂದವಳು, "ನಾನು ಮೊದಲೇ ಹೇಳ್ತಿದ್ದೆ, ಆ ಪೈಪಣ್ಣ ಅಂಥವನಲ್ಲ ಅಂತ," ಎಂದಳು.

ಸ್ಟೇಷನ್ನಿನಿಂದ ಬಂದ ದಿನವೇ ತಮ್ಮ ಪೈಪಣ್ಣನ ಮನೆಗೂ ಹೋಗಿದ್ದ. ಅವನ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳಂತೆ. ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಅವನೇ ಸ್ವಲ್ಪ ಹೊತ್ತು ನಿಂತಿದ್ದು ಬಂದನಂತೆ.

ಆಕೆ ಅಂಗಡಿಗೆ ಬಂದದ್ದು ಬೇಸಿಗೆ ಶುರುವಾದ ಮೇಲೆ. ಹೊಲಿದಿಟ್ಟ ಬಟ್ಟೆ ಬಹಳ ದಿನದಿಂದ ಕಾಯುತ್ತಿತ್ತು. ಮಗಳಿಗೆಂದು ಗಿಡ್ಡ ಕೋಟು ಮಾಡಿ, ಜೇಬುಗಳನ್ನು ಪ್ಯಾಂಟಿನಲ್ಲಿದ್ದ ಹಾಗೇ ಉಳಿಸಿದ್ದಳು ಟೈಲರಕ್ಕ. ಆಕೆ ಜೇಬಿನೊಳಗೆ ಕೈ ಹಾಕಿ ನೋಡಿ, ತೆಗೆದಳು.

"ಸ್ಕೂಲಿಗೆ ಹೋಗ್ತಿದಾಳಾ?"

"ಹೋಗ್ತಾಳೆ. ಹೆಡ್‌ಮಾಸ್ಟರು ಎಲ್ಲರೆದುರು ಹೇಳಿದ್ರಂತೆ, ನಿಮ್ಮಪ್ಪ ಎಲ್ಲರ ಜೀವ ಉಳಿಸಿದ್ರು ಅಂತ. ಈಗ ಅದೇ ಜಂಬ." ಆಕೆ ನಕ್ಕಳು. ಆಮೇಲೆ ಅಂಗಡಿಯ ಒಳಗೆಲ್ಲ ಒಮ್ಮೆ ಕಣ್ಣಾಡಿಸಿದಳು. "ಅಕ್ಕ, ನಿಮ್ಮ ತಮ್ಮ ಅವತ್ತು ಹೇಳಿದ್ರು, ಅವರು ಇಲ್ಲಿಗೆ ಬರ್ತಿದ್ರಂತೆ."

"ಹೂಂ."

"ಈಗಲೂ ಬರ್ತಾರಾ?"

"ಇಲ್ಲಮ್ಮ. ಅವನು ಕೇಳಿದ್ದು ಆಯ್ತಲ್ಲ."

"ಆಯ್ತು," ಎಂದಳು ಆಕೆ. ಕೋಟಿನ ಮಡಿಕೆಯನ್ನು ಕೈಯಿಂದ ಒತ್ತಿ ಒತ್ತಿ ಸರಿಮಾಡಿದಳು. "ನಾನು ಪ್ಯಾಂಟು ತಂದ ದಿನ?"

ಟೈಲರಕ್ಕ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಆಕೆಗೆ ಗೊತ್ತಾಯಿತು.

"ಒಂದು ಮಾತು ಹೇಳಿದ್ದಿದ್ರೆ ನಾನೂ ಸ್ವಲ್ಪ ಹೊತ್ತು ಕೂರ್ತಿದ್ದೆ," ಎಂದಳು. ದನಿಯಲ್ಲಿ ಆಪಾದನೆಯೇನೂ ಇರಲಿಲ್ಲ.

ಆಕೆ ಬೆಂಚಿನ ಮೇಲೆ ಕೂತಳು. ಟೈಲರಕ್ಕ ಮೆಷಿನ್ನಿನ ಚಕ್ರದ ಮೇಲೆ ಕೈ ಇಟ್ಟಳು, ತಿರುಗಿಸಲಿಲ್ಲ. ಬೀದಿಯ ಸದ್ದುಗಳು ಒಳಗೆ ಬಂದು ಹೋದವು. ಕೊನೆಗೆ ಆಕೆ ಎದ್ದು, ಕೋಟನ್ನು ಕಂಕುಳಲ್ಲಿ ಇಟ್ಟುಕೊಂಡು, ಬರ್ತೀನಿ ಅಕ್ಕ ಎಂದು ಮೆಟ್ಟಿಲಿಳಿದಳು.

ಹೊಸ ಪೈಪು ಹಾಕಿ ಫ್ಯಾಕ್ಟರಿ ಆ ವಾರ ಮತ್ತೆ ತೆರೆದಿತ್ತು. ಐಸಿನ ಕೈಗಾಡಿಯೊಂದು ಗೋಣಿ ಹೊದ್ದುಕೊಂಡು ಬೀದಿಯಲ್ಲಿ ಹಾದುಹೋಯಿತು. ಅದರ ಹಿಂದೆ ನಡು ರಸ್ತೆಯಲ್ಲಿ ನೀರಿನ ತೆಳುವಾದ ಗೆರೆ ಬಿತ್ತು. ಆಕೆ ಗಾಡಿ ಮುಂದೆ ಹೋಗುವ ತನಕ ನಿಂತಿದ್ದು, ಗೆರೆಯನ್ನು ದಾಟಿ ಆಚೆ ಬದಿಗೆ ಹೋದಳು. ಬಿಸಿಲು ಚುರುಕಾಗಿತ್ತು. ಗಾಡಿ ಇನ್ನೂ ಕಣ್ಣಳತೆಯಲ್ಲಿರುವಾಗಲೇ ಈಚೆಯ ತುದಿಯಿಂದ ಆ ಗೆರೆ ಒಣಗುತ್ತ ಹೋಯಿತು.